ಸ್ತೋತ್ರಯಜ್ಞ: ನಲವತ್ತು ರೊಟ್ಟಿ, ಒಂದೇ ರಾತ್ರಿ

"ಸ್ತೋತ್ರಯಜ್ಞ ಅರ್ಪಿಸೋಣ" ಎಂದು ಆರಾಧನೆ ನಡೆಸುವವರು ಕರೆಕೊಟ್ಟ ಕೂಡಲೇ ಎದ್ದು ನಿಲ್ಲುತ್ತೇವೆ, ಹಾಡುತ್ತೇವೆ. ಈ ಮಾತು ಬರುವುದು ಇಬ್ರಿಯರಿಗೆ ಬರೆದ ಪತ್ರಿಕೆಯ 13:15ರಲ್ಲಿ. ಆ ಪತ್ರಿಕೆಯನ್ನು ಮೊದಲು ಕೇಳಿಸಿಕೊಂಡವರಿಗೆ ಯಜ್ಞವೆಂದರೆ ಹಾಡಷ್ಟೇ ನೆನಪಾಗುತ್ತಿರಲಿಲ್ಲ. ಎಷ್ಟು ಹಿಟ್ಟು, ಎಷ್ಟು ಎಣ್ಣೆ, ಯಾವ ಹೊತ್ತು, ಯಾರಿಗೆ ಯಾವ ಪಾಲು, ಎಷ್ಟರೊಳಗೆ ತಿಂದು ಮುಗಿಸಬೇಕು ಎಂಬ ಲೆಕ್ಕವೆಲ್ಲ ಅವರ ಶಾಸ್ತ್ರದಲ್ಲಿ ಬರೆದಿತ್ತು. ಆ ಲೆಕ್ಕವನ್ನು ಬಿಟ್ಟು ಹೆಸರನ್ನು ಮಾತ್ರ ನಾವು ಇಟ್ಟುಕೊಂಡಿದ್ದೇವೆ. ಹಾಗಾಗಿಯೇ ನಮ್ಮ ಸ್ತುತಿ ಮನಸ್ಸು ಚೆನ್ನಾಗಿದ್ದ ದಿನ ಜೋರಾಗಿ, ಇಲ್ಲದ ದಿನ ಇಲ್ಲವೇ ಇಲ್ಲ ಎಂಬಂತಾಗಿದೆ. ಯಜ್ಞಗಳ ವಿಧಿಗಳಿರುವ ಹಳೆಯ ಒಡಂಬಡಿಕೆಯ ಪುಸ್ತಕ ಯಾಜಕಕಾಂಡವನ್ನು ತೆರೆದಿಟ್ಟುಕೊಂಡು ಪ್ರಾರ್ಥನೆ ಕಲಿಯಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮೊದಲು ಒಂದು ಗಡಿ ಹಾಕಿಕೊಳ್ಳೋಣ. ನಮ್ಮ ಸ್ತುತಿ ಪಾಪವನ್ನು ತೊಳೆಯುವುದಿಲ್ಲ. ಅದು ಕ್ರಿಸ್ತನು ಒಂದೇ ಸಾರಿ ತನ್ನನ್ನು ಅರ್ಪಿಸಿಕೊಂಡು ಮುಗಿಸಿದ ಕೆಲಸ. ಇಬ್ರಿಯರಿಗೆ 10ನೇ ಅಧ್ಯಾಯ ಅದನ್ನು ಮತ್ತೆ ಮತ್ತೆ ಹೇಳುತ್ತದೆ. 1531ರಲ್ಲಿ ಲೂಥರನ ಜೊತೆಗಾರ ಮೆಲಾಂಕ್ಥನ್ ಲೂಥರನ್ ನಂಬಿಕೆಯ ಪರವಾಗಿ ಬರೆಯುವಾಗ ಯಜ್ಞವನ್ನು ಎರಡಾಗಿ ವಿಂಗಡಿಸಿದ್ದು ಇದೇ ಕಾರಣಕ್ಕೆ: ಪ್ರಾಯಶ್ಚಿತ್ತದ ಯಜ್ಞ ಒಂದೇ, ಅದು ಕ್ರಿಸ್ತನ ಮರಣ, ಕೃತಜ್ಞತೆಯ ಯಜ್ಞಗಳು ಹಲವು, ಅವು ಈಗಾಗಲೇ ಕ್ಷಮೆ ಪಡೆದವರು ಸಲ್ಲಿಸುವಂಥವು. 13:15ರಲ್ಲಿ "ಆತನ ಮೂಲಕ" ಎಂಬ ಮಾತು ಮೊದಲಿಗೇ ಬರುತ್ತದೆ. ಅದನ್ನು ಮರೆತರೆ ಸ್ತುತಿ ದೇವರಿಗೆ ಕೊಡುವ ಮುಂಗಡ ಹಣವಾಗಿಬಿಡುತ್ತದೆ.

ಈಗ ಯಾಜಕಕಾಂಡ 7:11-15. ಸಮಾಧಾನಯಜ್ಞಗಳಲ್ಲೇ ಒಂದು ಬಗೆ ಕೃತಜ್ಞತೆಗಾಗಿ ಮಾಡುವಂಥದು. ಕಷ್ಟದಿಂದ ಪಾರಾದವನು ದನವನ್ನೋ ಕುರಿಯನ್ನೋ ಆಡನ್ನೋ ತರುತ್ತಾನೆ. ಗಂಡೂ ಆಗಬಹುದು, ಹೆಣ್ಣೂ ಆಗಬಹುದು; ಕುಂದು ಮಾತ್ರ ಇರಬಾರದು. ತಂದವನೇ ಅದರ ತಲೆಯ ಮೇಲೆ ಕೈಯಿಡಬೇಕು. ರಕ್ತ ಯಜ್ಞವೇದಿಗೆ, ಕೊಬ್ಬು, ಮೂತ್ರಪಿಂಡ, ಪಿತ್ತಜನಕಾಂಗದ ಮೇಲಣ ಭಾಗ ಬೆಂಕಿಗೆ, ಎದೆಯ ಭಾಗ ಮತ್ತು ಬಲತೊಡೆ ಯಾಜಕರಿಗೆ. ಉಳಿದ ಮಾಂಸವೆಲ್ಲ ತಂದವನ ಮನೆಯವರ ಊಟಕ್ಕೆ. ಜೊತೆಗೆ ನಾಲ್ಕು ಬಗೆಯ ರೊಟ್ಟಿ: ಎಣ್ಣೆ ಬೆರೆಸಿದ ಹುಳಿಯಿಲ್ಲದ ರೊಟ್ಟಿ, ಎಣ್ಣೆ ಸವರಿದ ತೆಳು ರೊಟ್ಟಿ, ಎಣ್ಣೆಯಲ್ಲಿ ಚೆನ್ನಾಗಿ ನಾದಿದ ನಯವಾದ ಹಿಟ್ಟಿನ ರೊಟ್ಟಿ, ಇವುಗಳ ಸಂಗಡ ಹುಳಿಹಿಟ್ಟಿನ ರೊಟ್ಟಿ.

ಎಷ್ಟು ರೊಟ್ಟಿ ಎಂಬುದನ್ನು ಯಾಜಕಕಾಂಡ ಹೇಳುವುದಿಲ್ಲ. ಯೆಹೂದ್ಯ ಗುರುಗಳ ಸಂಪ್ರದಾಯವನ್ನು ಬರೆದಿಟ್ಟ ಮಿಷ್ನಾ ಹೇಳುತ್ತದೆ: ಒಂದೊಂದು ಬಗೆಯದು ಹತ್ತು, ಒಟ್ಟು 40. ಹಿಟ್ಟು ಎರಡು ಏಫಾ. ಒಂದು ಏಫಾ ಸುಮಾರು 22 ಲೀಟರ್ ಎಂದು ಹಿಡಿದರೆ 44 ಲೀಟರ್ ಹಿಟ್ಟು. ತೂಕದಲ್ಲಿ ಇಪ್ಪತ್ತು ಕಿಲೋ ದಾಟುತ್ತದೆ. ಅದರಲ್ಲಿ ಅರ್ಧ ಹತ್ತು ಹುಳಿರೊಟ್ಟಿಗಳಿಗೇ ಹೋಗುತ್ತದೆ. ಪ್ರತಿ ಬಗೆಯಿಂದ ಒಂದೊಂದರಂತೆ ನಾಲ್ಕು ರೊಟ್ಟಿ ಯಾಜಕನಿಗೆ ಕೊಟ್ಟ ಮೇಲೆ ಉಳಿಯುವುದು 36, ಜೊತೆಗೆ ಹೆಚ್ಚುಕಡಿಮೆ ಒಂದಿಡೀ ಪ್ರಾಣಿಯ ಮಾಂಸ. ಇದಕ್ಕೊಂದು ಗಡುವು: ಅದೇ ದಿನ ತಿನ್ನಬೇಕು, ಬೆಳಗಿನ ತನಕ ಏನೂ ಮಿಗಬಾರದು. ಗುರುಗಳು ಇನ್ನೂ ಬಿಗಿಮಾಡಿ ನಡುರಾತ್ರಿಗೇ ಗೆರೆ ಎಳೆದರು. ಹರಕೆಯ ಯಜ್ಞಕ್ಕೂ ಸ್ವಂತ ಇಚ್ಛೆಯ ಯಜ್ಞಕ್ಕೂ ಮರುದಿನದ ತನಕ ಸಮಯವಿದೆ (7:16). ಕೃತಜ್ಞತೆಗೆ ಮಾತ್ರ ಒಂದೇ ರಾತ್ರಿ.

ಒಂದು ಮನೆಯವರು ಒಂದು ರಾತ್ರಿಯಲ್ಲಿ ಇಷ್ಟನ್ನು ತಿನ್ನಲಾರರು. ಜನರನ್ನು ಕರೆಯಲೇಬೇಕು. ಕರೆದ ಮೇಲೆ ಅವರು ಕೇಳುತ್ತಾರೆ: ಏನಾಗಿತ್ತು? ಹೇಗೆ ಉಳಿದೆ? ಆಗ ಬಾಯಿ ಬಿಟ್ಟು ಹೇಳಲೇಬೇಕು. ಊಟ, ಸಾಕ್ಷಿ, ಸ್ತುತಿ ಮೂರೂ ಒಂದೇ ಪಂಕ್ತಿಯಲ್ಲಿ ಆಗುವಂತೆ ನಿಯಮವೇ ನೋಡಿಕೊಳ್ಳುತ್ತದೆ. ಒಬ್ಬರೇ ಕೋಣೆಯಲ್ಲಿ ಕೂತು ಮುಗಿಸಿಬಿಡುವ ಕೃತಜ್ಞತೆಗೆ ಇಲ್ಲಿ ಎಡೆಯಿಲ್ಲ. ಹಳೆಯ ಒಡಂಬಡಿಕೆಯ ವಿಧಿಗಳಲ್ಲಿ ನನಗೆ ಇದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ.

ಇದನ್ನು ನಮ್ಮ ವಾರಕ್ಕೆ ತಂದುಕೊಳ್ಳುವುದು ಕಷ್ಟವೇನಲ್ಲ. ಪ್ರಾರ್ಥನೆಗೆ ಉತ್ತರ ಬಂತೆಂದು ಗೊತ್ತಾದ ದಿನವೇ, ಮಲಗುವ ಮೊದಲು, ಒಬ್ಬರಿಗಾದರೂ ಹೇಳಿ. ಫೋನಿನಲ್ಲಾದರೂ ಸರಿ. ಆಸ್ಪತ್ರೆಯ ವರದಿ ಒಳ್ಳೆಯದಾಗಿ ಬಂತು, ಮಗಳಿಗೆ ಕೆಲಸ ಸಿಕ್ಕಿತು, ಜಮೀನಿನ ವ್ಯಾಜ್ಯ ಮುಗಿಯಿತು; ಇದಕ್ಕಾಗಿ ನಿಮ್ಮೊಂದಿಗೆ ಪ್ರಾರ್ಥಿಸಿದವರು ಯಾರೋ ಅವರಿಗೇ ಮೊದಲು. ಅರಿಕೆಗಳನ್ನು ಗುಂಪಿನಲ್ಲಿ ಹಾಕುವಷ್ಟು ಬೇಗ ಉತ್ತರಗಳನ್ನು ನಾವು ಹಾಕುವುದಿಲ್ಲ. "ಭಾನುವಾರ ಹೇಳಿದರಾಯಿತು" ಎಂದುಕೊಂಡದ್ದು ಭಾನುವಾರಕ್ಕೆ ಅರ್ಧ ಮರೆತಿರುತ್ತದೆ, ಇನ್ನೊಂದು ವಾರಕ್ಕೆ ಅದು ವೈದ್ಯರ ಜಾಣತನವೋ ನಮ್ಮ ಓಡಾಟದ ಫಲವೋ ಆಗಿರುತ್ತದೆ. ಸಾಧ್ಯವಾದರೆ ಅದೇ ದಿನ ಯಾರಿಗಾದರೂ ಊಟ ಹಾಕಿ. ಕರಾವಳಿಯ ಕಥೋಲಿಕರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು (ಯೇಸುವಿನ ತಾಯಿ ಮರಿಯಳ ಜನ್ಮದಿನದ ಹಬ್ಬ) ಚರ್ಚಿನಿಂದ ತಂದ ಹೊಸ ತೆನೆಯ ಕಾಳನ್ನು ಊಟದಲ್ಲಿ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನುವ ಪದ್ಧತಿ ಇದೆ. ಯಾಜಕಕಾಂಡದ ಆ ರಾತ್ರಿಯೂಟಕ್ಕೆ ಇದು ಬಹಳ ಹತ್ತಿರ.

ಸಾಕ್ಷಿ ಹೇಳುವ ಕ್ರಮಕ್ಕೆ ಕೀರ್ತನೆ 116 ಒಳ್ಳೆಯ ಮಾದರಿ. ಮೊದಲೆರಡು ವಚನ: ಯೆಹೋವನು ನನ್ನ ಮೊರೆ ಕೇಳಿದನು, ಆದ್ದರಿಂದ ಆತನನ್ನು ಪ್ರೀತಿಸುತ್ತೇನೆ. ಮುಂದಿನ ಎರಡು ವಚನ: ಮರಣಪಾಶ ಸುತ್ತಿಕೊಂಡಿತ್ತು, ಆಗ ಮೊರೆಯಿಟ್ಟೆ. ಆಮೇಲೆ ದೇವರು ಎಂಥವನು, ಏನು ಮಾಡಿದನು. 13ನೇ ವಚನದಿಂದ ಕೊನೆಯ ತನಕ: ರಕ್ಷಣೆಯ ಪಾತ್ರೆಯನ್ನು ಎತ್ತುವೆನು, ಸ್ತೋತ್ರಯಜ್ಞ ಅರ್ಪಿಸುವೆನು, ಜನರೆಲ್ಲರ ಮುಂದೆ ಹರಕೆ ಸಲ್ಲಿಸುವೆನು. ಹತ್ತೊಂಬತ್ತು ವಚನಗಳಲ್ಲಿ ಸಂಕಟದ ವಿವರಣೆಗೆ ಸಿಕ್ಕಿದ ಜಾಗ ಎಷ್ಟು ಚಿಕ್ಕದು ನೋಡಿ. ಯಾವ ಕಾಯಿಲೆ, ಯಾರ ದ್ರೋಹ ಎಂಬ ಸುಳಿವೂ ಇಲ್ಲ. ನಮ್ಮ ಸಾಕ್ಷಿಗಳು ಕೆಡುವುದು ಇಲ್ಲಿಯೇ: ಹತ್ತು ನಿಮಿಷದಲ್ಲಿ ಎಂಟು ನಿಮಿಷ ಕಾಯಿಲೆಗೆ, ಒಂದು ನಿಮಿಷ ತಾನು ಹೇಗೆ ಧೈರ್ಯ ಬಿಡಲಿಲ್ಲ ಎಂಬುದಕ್ಕೆ, ಕಡೆಯಲ್ಲಿ "ದೇವರಿಗೆ ಸ್ತೋತ್ರ". ನಾಲ್ಕು ನಿಮಿಷ ಧಾರಾಳ ಸಾಕು. ಏನಾಗಿತ್ತು ಎಂಬುದು ಎರಡು ವಾಕ್ಯದಲ್ಲಿ ಮುಗಿಯಲಿ. ಸೊಸೆಯ ಗರ್ಭದ ವಿಷಯ, ಮಗನ ಕುಡಿತ, ಅಣ್ಣತಮ್ಮಂದಿರ ಜಗಳ ಇವೆಲ್ಲ ಅವರ ಒಪ್ಪಿಗೆಯಿಲ್ಲದೆ ಸಭೆಯಲ್ಲಿ ಬಾಯಿಗೆ ಬರಬಾರದು. ಇನ್ನೊಬ್ಬರ ಮಾನವನ್ನು ಕಳೆದು ಸಲ್ಲಿಸಿದ್ದು ನಮ್ಮ ಯಜ್ಞವಾಗುವುದಿಲ್ಲ.

ಆಮೋಸ 4:5 ಅನ್ನು ಸಾಕ್ಷಿ ಹೇಳಲು ಏಳುವ ಮೊದಲು ಓದಿಕೊಳ್ಳುವುದು ಒಳ್ಳೆಯದು. ಹುಳಿರೊಟ್ಟಿಯನ್ನು ಕೃತಜ್ಞತೆಗಾಗಿ ಸುಡಿರಿ, ಕಾಣಿಕೆಗಳನ್ನು ಸಾರಿ ಪ್ರಕಟಿಸಿರಿ, ನಿಮಗೆ ಅದೇ ಇಷ್ಟವಲ್ಲವೇ ಎಂದು ಪ್ರವಾದಿ ಚುಚ್ಚುತ್ತಾನೆ. ಬಡವರನ್ನು ಹಿಂಡಿದವರು ಅದೇ ಕೈಯಿಂದ ಕೃತಜ್ಞತೆಯ ಯಜ್ಞ ಮಾಡುತ್ತಿದ್ದರು. ಮಾಡಿದ್ದನ್ನು ಊರಿಗೆ ಕೇಳಿಸುವುದೇ ಅವರ ಸಂತೋಷವಾಗಿತ್ತು.

ಇನ್ನು ದಿನದಿನದ ಪ್ರಾರ್ಥನೆ. ವಿಮೋಚನಕಾಂಡ 29:38-42ರ ಪ್ರಕಾರ ಪ್ರತಿದಿನ ಒಂದು ವರ್ಷದ ಎರಡು ಕುರಿಮರಿ: ಹೊತ್ತಾರೆ ಒಂದು, ಸಂಜೆ ಒಂದು. ಪ್ರತಿಯೊಂದರ ಸಂಗಡ ಏಫಾದ ಹತ್ತನೇ ಒಂದು ಪಾಲು ಹಿಟ್ಟು, ಕಾಲು ಹಿನ್ ಎಣ್ಣೆ, ಕಾಲು ಹಿನ್ ದ್ರಾಕ್ಷಾರಸ. ಅಂದರೆ ಎರಡು ಲೀಟರಿಗೆ ತುಸು ಹೆಚ್ಚು ಹಿಟ್ಟು, ಒಂದೊಂದು ಲೀಟರಿಗೆ ತುಸು ಕಡಿಮೆ ಎಣ್ಣೆ ಮತ್ತು ರಸ. ದೀಪ ಸರಿಮಾಡುವ ಹೊತ್ತಿಗೆ ಧೂಪ. ಹಬ್ಬದ ದಿನವೂ ಇದು ತಪ್ಪುವಂತಿಲ್ಲ. ಹಬ್ಬದ ಯಜ್ಞಗಳು ಇದಕ್ಕೆ ಹೆಚ್ಚಾಗಿ ಸೇರುತ್ತಿದ್ದವು. ಯಾಜಕನಾದ ಜಕರೀಯನು ಆಲಯದ ಒಳಗೆ ಧೂಪ ಹಾಕುತ್ತಿದ್ದಾಗ ಜನರು ಹೊರಗೆ ಪ್ರಾರ್ಥಿಸುತ್ತಿದ್ದರು ಎಂದು ಲೂಕ 1:10 ಹೇಳುತ್ತದೆ. ಪೇತ್ರ ಯೋಹಾನರು ದೇವಾಲಯಕ್ಕೆ ಹೋದದ್ದು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಯ ಹೊತ್ತಿಗೆ (ಅಪೊಸ್ತಲರ ಕೃತ್ಯಗಳು 3:1). ಯೆರೂಸಲೇಮಿನ ಆಲಯ ಹಾಳಾಗಿ ಯಜ್ಞವೇ ನಿಂತುಹೋಗಿದ್ದ ಕಾಲದಲ್ಲಿ, ದೂರದ ಬಾಬೆಲಿನಲ್ಲಿ, ದಾನಿಯೇಲನ ಬಳಿಗೆ ದೂತನು ಬಂದ ಸಮಯವನ್ನು "ಸಂಜೆಯ ನೈವೇದ್ಯದ ಹೊತ್ತು" ಎಂದೇ ಗುರುತಿಸಲಾಗಿದೆ (9:21). ವೇದಿ ಇರಲಿಲ್ಲ, ಹೊತ್ತು ಮಾತ್ರ ಉಳಿದಿತ್ತು. ಕೀರ್ತನೆ 141:2 ಪ್ರಾರ್ಥನೆಯನ್ನು ಧೂಪಕ್ಕೂ ಎತ್ತಿದ ಕೈಗಳನ್ನು ಸಂಜೆಯ ನೈವೇದ್ಯಕ್ಕೂ ಸಮವಾಗಿ ಇಡುವುದರ ಹಿಂದೆ ಇರುವುದು ಇದೇ ದಿನಚರಿ.

ಹಾಗಾಗಿ ಎರಡು ಹೊತ್ತು ಹಿಡಿಯಿರಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹದಿನೈದು. ಹೆಚ್ಚು ಬೇಡ; ಒಂದು ಗಂಟೆಯ ಸಂಕಲ್ಪ ಮಾಡಿದವರು ಮೂರನೇ ವಾರಕ್ಕೆ ಕೈಬಿಡುವುದು ಸಾಮಾನ್ಯ. ಹೊತ್ತನ್ನು ಗಡಿಯಾರಕ್ಕಿಂತ ಒಂದು ಕೆಲಸಕ್ಕೆ ಕಟ್ಟಿ: ಕಾಫಿಗೆ ಮೊದಲು, ಸಂಜೆ ಅನ್ನ ಬಡಿಸುವುದಕ್ಕೆ ಮೊದಲು. ಕುಟುಂಬ ಪ್ರಾರ್ಥನೆಯನ್ನು ಊಟವಾಗಿ, ಟಿವಿ ಆರಿಸಿ, ಮಕ್ಕಳು ತೂಕಡಿಸುವಾಗ ಇಡುವುದು ನಮ್ಮ ಮನೆಗಳ ದೊಡ್ಡ ತಪ್ಪು. ಪ್ರವಾದಿ ಮಲಾಕಿಯ ಕಾಲದವರು ಕುರುಡು ಕುಂಟು ಪ್ರಾಣಿಗಳನ್ನು ತಂದು, ಅಬ್ಬಾ ಎಷ್ಟು ಬೇಸರ ಎನ್ನುತ್ತಿದ್ದರು (1:8, 13). ಇದನ್ನು ನಿನ್ನ ದೇಶಾಧಿಪತಿಗೆ ಕೊಟ್ಟು ನೋಡು, ಮೆಚ್ಚಾನೋ ಎಂದು ದೇವರು ಕೇಳುತ್ತಾನೆ. ದಿನದ ಅಳಿದುಳಿದ ಹೊತ್ತನ್ನು ದೇವರಿಗೆ ಇಡುವ ನಮಗೂ ಅದೇ ಪ್ರಶ್ನೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎಂಟು ನಿಮಿಷ ಸಾಕು: ಒಂದು ಹಾಡಿನ ಎರಡು ಚರಣ, ಕೀರ್ತನೆಯ ಐದಾರು ವಚನ, ಮಕ್ಕಳು ಒಬ್ಬೊಬ್ಬರು ಒಂದೊಂದಕ್ಕೆ ಸ್ತೋತ್ರ ಹೇಳುವುದು, ಕರ್ತನ ಪ್ರಾರ್ಥನೆ.

ಆರಂಭಿಸುವ ಬಗೆ. ಯಾಜಕಕಾಂಡ 6:10-13ರಲ್ಲಿ ಯಾಜಕನು ಬೆಳಿಗ್ಗೆ ಮೊದಲು ಮಾಡುವ ಕೆಲಸ ಬೂದಿ ತೆಗೆಯುವುದು. ನಾರುಬಟ್ಟೆ ಉಟ್ಟು ಬೂದಿಯನ್ನು ವೇದಿಯ ಪಕ್ಕಕ್ಕೆ ಹಾಕಿ, ಬಟ್ಟೆ ಬದಲಿಸಿ, ಪಾಳೆಯದ ಹೊರಗೆ ಒಯ್ಯುತ್ತಾನೆ. ಆಮೇಲೆ ಕಟ್ಟಿಗೆ. ಬೆಂಕಿ ಆರಕೂಡದು. ಹಳ್ಳಿಮನೆಯ ಒಲೆ ಉರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬೂದಿ ತುಂಬಿದ ಒಲೆಗೆ ಎಷ್ಟು ಸೌದೆ ಒಡ್ಡಿದರೂ ಹೊಗೆಯೇ. ಬೆಳಿಗ್ಗೆ ಮೊದಲ ಎರಡು ನಿಮಿಷ ನಿನ್ನೆಯದನ್ನು ಹೆಸರಿಟ್ಟು ಅರಿಕೆ ಮಾಡಿಕೊಳ್ಳಿ. "ನನ್ನ ಎಲ್ಲಾ ಪಾಪಗಳನ್ನು ಕ್ಷಮಿಸು" ಎಂದು ಒಟ್ಟಾಗಿ ಹೇಳಿದರೆ ಯಾವುದೂ ಹೊರಗೆ ಹೋಗುವುದಿಲ್ಲ. ಇಂಥವರ ಮೇಲೆ ರೇಗಿದೆ, ಇಂಥ ಸುಳ್ಳು ಹೇಳಿದೆ ಎನ್ನಬೇಕು. ಇನ್ನೊಬ್ಬರಿಗೆ ತಪ್ಪು ಮಾಡಿದ್ದು ನೆನಪಾದರೆ ಮತ್ತಾಯ 5:23-24ರ ಕ್ರಮ ಸ್ಪಷ್ಟವಿದೆ: ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಹೋಗಿ ಒಂದಾಗು, ಆಮೇಲೆ ಬಾ. ಹೆಂಡತಿಯನ್ನು ಗೌರವದಿಂದ ಕಾಣದ ಗಂಡನ ಪ್ರಾರ್ಥನೆಗೆ ಅಡ್ಡಿಯಾಗುತ್ತದೆ ಎಂದು 1 ಪೇತ್ರ 3:7 ನೇರವಾಗಿಯೇ ಹೇಳುತ್ತದೆ. ಪ್ರಾರ್ಥನೆ ಒಣಗಿತು ಎಂದು ಕೊರಗುವ ಗಂಡಸರು ಹೊಸ ಪ್ರಾರ್ಥನಾ ವಿಧಾನ ಹುಡುಕುವ ಮೊದಲು ಅಡುಗೆಮನೆಗೆ ಹೋಗಿ ಮಾತಾಡಿ ಬರಬೇಕು.

ಆಮೇಲೆ ಒಂದು ಕೀರ್ತನೆ, ಪೂರ್ತಿ, ಬಾಯಿಬಿಟ್ಟು. ಮನಸ್ಸಿನಲ್ಲೇ ಓದಿದರೆ ಎರಡನೇ ವಚನಕ್ಕೆ ಮನಸ್ಸು ಸಂತೆಗೆ ಹೋಗಿರುತ್ತದೆ. ಪಕ್ಕದಲ್ಲಿ ಮಲಗಿದವರಿದ್ದರೆ ಹನ್ನಳಂತೆ ತುಟಿ ಮಾತ್ರ ಅಲುಗಿದರೂ ಆದೀತು (1 ಸಮುವೇಲ 1:13). ದಿನಕ್ಕೆ ಎರಡರಂತೆ ಕ್ರಮವಾಗಿ ಓದಿ, 176 ವಚನಗಳ 119ನೇ ಕೀರ್ತನೆಯನ್ನು ಮಾತ್ರ ಎಂಟೆಂಟು ವಚನದ 22 ಭಾಗ ಮಾಡಿಕೊಂಡರೆ, ಒಟ್ಟು 171 ಸರದಿ. ಮೂರು ತಿಂಗಳೊಳಗೆ ಒಂದು ಸುತ್ತು ಮುಗಿಯುತ್ತದೆ. 23, 91, 121 ಇವನ್ನೇ ತಿರುಗಿಸಿ ಓದಬೇಡಿ. ಕ್ರಮವಾಗಿ ಓದಿದರೆ ನಿಮ್ಮ ಮನಸ್ಸಿಗೆ ಒಗ್ಗದ ಕೀರ್ತನೆಗಳೂ ಬರುತ್ತವೆ. ನೀವು ಸಂತೋಷವಾಗಿರುವ ದಿನ ಅಳುವ ಕೀರ್ತನೆ ಬಂದರೆ, ಅಳುತ್ತಿರುವ ಇನ್ನೊಬ್ಬ ವಿಶ್ವಾಸಿಯ ಪರವಾಗಿ ಓದಿ. ಯಾಜಕನ ಕೆಲಸವೇ ಅದು. ನಾವು ಆತ್ಮಿಕ ಯಜ್ಞಗಳನ್ನು ಅರ್ಪಿಸುವ ಪವಿತ್ರ ಯಾಜಕವರ್ಗ ಎಂದು 1 ಪೇತ್ರ 2:5 ಹೇಳುತ್ತದೆ. ಬಳಿಕ ಸ್ತೋತ್ರ: ಇಂದಿನ ಮೂರು ವಿಷಯ ಸಾಕು, ಆದರೆ ದಿನಾಂಕ ಹಾಕಬಹುದಾದಷ್ಟು ಖಚಿತವಾಗಿರಲಿ. "ಸಕಲ ಉಪಕಾರಗಳಿಗಾಗಿ" ಎನ್ನುವ ಮಾತು ತಪ್ಪಲ್ಲ, ಆದರೆ ಅದನ್ನು ಹೇಳಲು ಏನನ್ನೂ ನೆನೆಯಬೇಕಾಗಿಲ್ಲ. ಕೊನೆಯಲ್ಲಿ ಇತರರಿಗಾಗಿ ವಿಜ್ಞಾಪನೆ, ಐದು ಹೆಸರು. ಐವತ್ತು ಹೆಸರಿನ ಪಟ್ಟಿ ಇದ್ದರೆ ಹತ್ತು ದಿನಕ್ಕೆ ಹಂಚಿ.

ಯಜ್ಞಕ್ಕೆ ಬೆಲೆ ಇರಬೇಕು. ದಾವೀದನಿಗೆ ಅರೌನನು ಕಣ, ಎತ್ತು, ಕಟ್ಟಿಗೆ ಎಲ್ಲವನ್ನೂ ಪುಕ್ಕಟೆ ಕೊಡಲು ಬಂದಾಗ, ನನಗೇನೂ ವೆಚ್ಚವಿಲ್ಲದ್ದನ್ನು ದೇವರಿಗೆ ಅರ್ಪಿಸಲಾರೆ ಎಂದು 50 ಶೆಕೆಲ್ ಬೆಳ್ಳಿ ಕೊಟ್ಟನು (2 ಸಮುವೇಲ 24:24). ಸ್ತುತಿಯಲ್ಲಿ ಕೊಡುವ ಬೆಲೆ ಯಾವುದು? ಇಬ್ರಿಯರ ಪತ್ರಿಕೆಯ ಓದುಗರ ಮಟ್ಟಿಗೆ ಉತ್ತರ ಪತ್ರಿಕೆಯಲ್ಲೇ ಇದೆ. ಅವರು ಆಸ್ತಿಯ ಸುಲಿಗೆಯನ್ನು ಕಂಡವರು (10:34). ಸ್ತೋತ್ರಯಜ್ಞದ ಮಾತಿಗೆ ಎರಡೇ ವಚನ ಮುಂಚೆ, ಪಾಳೆಯದ ಹೊರಗೆ ಹೋಗಿ ಯೇಸುವಿನ ನಿಂದೆಯನ್ನು ಹೊರೋಣ ಎಂಬ ಕರೆ ಇದೆ (13:13). ಹೀಗಿರುವಾಗ ಬಾಯಿಂದ ಆತನ ಹೆಸರನ್ನು ಒಪ್ಪಿಕೊಳ್ಳುವುದೇ ವೆಚ್ಚ. ನಮ್ಮಲ್ಲಿ ಅದು ಒಬ್ಬೊಬ್ಬರಿಗೆ ಒಂದೊಂದು: ಕೆಲಸದ ಜಾಗದಲ್ಲಿ ಊಟಕ್ಕೆ ಮುಂಚೆ ತಲೆಬಾಗಿಸುವ ಸಂಕೋಚ, ಗೊಣಗುವ ಹಕ್ಕನ್ನು ಬಿಟ್ಟುಕೊಡುವುದು, ತನಗೆ ಸಿಗದ್ದು ಪಕ್ಕದವರಿಗೆ ಸಿಕ್ಕಾಗ ಅವರಿಗಾಗಿ ಮನಸಾರೆ ಸ್ತೋತ್ರ ಮಾಡುವುದು. ಈ ಕಡೆಯದು ಎಲ್ಲಕ್ಕಿಂತ ದುಬಾರಿ ಎಂದು ನನಗನ್ನಿಸುತ್ತದೆ.

ದುಃಖದಲ್ಲಿರುವವರಿಗೆ ಈ ಬೋಧನೆಯನ್ನು ಹೇಗೆ ಹೇಳಬೇಕು ಎಂಬುದರಲ್ಲಿ ಸಭೆಗಳು ಬಹಳ ನೋವು ಮಾಡಿವೆ, ಆದ್ದರಿಂದ ಇಲ್ಲಿ ನಿಂತು ಹೇಳಬೇಕು. ಮಗುವನ್ನು ಕಳೆದುಕೊಂಡ ತಾಯಿಯ ಬಳಿ ಹೋಗಿ "ಸ್ತೋತ್ರ ಹೇಳಮ್ಮಾ, ಎಲ್ಲಾ ಒಳ್ಳೆಯದಕ್ಕೇ" ಎನ್ನಬೇಡಿ. ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು ಎಂದದ್ದು ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನೇ. ಅವನ ಬಾಯಿಂದ ಅದನ್ನು ಯಾರೂ ಹೇಳಿಸಲಿಲ್ಲ. ಗೆಳೆಯರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು (2:13). ಅವರ ಒಳ್ಳೆಯ ಕೆಲಸ ಅಷ್ಟೇ, ಬಾಯಿ ತೆರೆದ ಮೇಲೆ ಕೆಡಿಸಿದರು. ಮನನೊಂದವನ ಮುಂದೆ ಹಾಡುವುದು ಚಳಿಯಲ್ಲಿ ಬಟ್ಟೆ ತೆಗೆದ ಹಾಗೆ ಎಂದು ಜ್ಞಾನೋಕ್ತಿ 25:20 ಎಚ್ಚರಿಸುತ್ತದೆ. ಯಜ್ಞವನ್ನು ಸ್ವಂತ ಕೈಯಿಂದ ತರಬೇಕು. ಇನ್ನೊಬ್ಬರ ಕೊಟ್ಟಿಗೆಗೆ ನುಗ್ಗಿ ಎಳೆದು ತರುವಂತಿಲ್ಲ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಸ್ತುತಿಗೆ ತಿರುಗುವುದೇ ಇಲ್ಲ, ಆದರೂ ಅದು ಕೀರ್ತನೆಗಳ ಪುಸ್ತಕದಲ್ಲಿದೆ. ಕುಗ್ಗಿದ ಮನಸ್ಸೇ ದೇವರಿಗೆ ಇಷ್ಟವಾದ ಯಜ್ಞ ಎಂದು 51:17 ಹೇಳುವಾಗ ಅಳುವವರ ಅಳುವನ್ನೂ ವೇದಿ ಸ್ವೀಕರಿಸುತ್ತದೆ. ಇಂಥ ಮನೆಗೆ ಹೋದರೆ ಒಂದು ಕೀರ್ತನೆ ನಿಧಾನವಾಗಿ ಓದಿ, ಚಿಕ್ಕ ಪ್ರಾರ್ಥನೆ ಮಾಡಿ, ಊಟ ಇಟ್ಟು ಬನ್ನಿ.

ಇನ್ನೊಂದು ತಪ್ಪು ಇದರ ತಿರುಗುಮುರುಗು: ಸ್ತುತಿಯನ್ನು ಫಲ ಬರಿಸುವ ಉಪಾಯವಾಗಿ ಕಲಿಸುವುದು. ಯೆಹೂದದ ರಾಜ ಯೆಹೋಷಾಫಾಟನ ಸೈನ್ಯದ ಮುಂದೆ ಗಾಯಕರು ಹೋದರು, ಶತ್ರುಗಳು ಬಿದ್ದರು, ನೀವೂ ಹಾಡಿ ಎನ್ನುತ್ತಾರೆ. 2 ಪೂರ್ವಕಾಲವೃತ್ತಾಂತ 20ನ್ನು ಕ್ರಮವಾಗಿ ಓದಿದರೆ ಮೊದಲು ಉಪವಾಸ, ಆಮೇಲೆ ರಾಜನ ಪ್ರಾರ್ಥನೆ, 15-17ರಲ್ಲಿ ಪ್ರವಾದಿಯ ಮೂಲಕ ದೇವರ ವಾಗ್ದಾನ. ಗಾಯಕರು ಬರುವುದು 21ನೇ ವಚನದಲ್ಲಿ. ವಾಗ್ದಾನಕ್ಕೆ ಹಾಡು ಉತ್ತರವಾಗಿತ್ತು. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರು ನಡುರಾತ್ರಿ ಹಾಡಿದಾಗ ಬಾಗಿಲುಗಳು ತೆರೆದವು ನಿಜ, ಆದರೆ ಅವರು ಹೊರಗೆ ಓಡಲಿಲ್ಲ. ಅವರು ಹಾಡಿದ್ದು ಬಿಡುಗಡೆಗಾಗಿ ಅಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕೀರ್ತನೆ 50ರಲ್ಲಿ ದೇವರು ನನಗೆ ಹಸಿವಾದರೆ ನಿಮಗೆ ತಿಳಿಸುವೆನೇ ಎಂದು ಕೇಳಿ, ಅದರ ಬೆನ್ನಿಗೇ ಸ್ತೋತ್ರಯಜ್ಞವನ್ನು ಸಲ್ಲಿಸಿರಿ ಎನ್ನುತ್ತಾನೆ. ಆತನಿಗೆ ನಮ್ಮ ಹಾಡಿನ ಕೊರತೆಯೇನೂ ಇಲ್ಲ.

ಇಬ್ರಿಯರಿಗೆ 13:15ನ್ನು ಗೋಡೆಗೆ ಹಾಕುವವರು 16ನ್ನೂ ಸೇರಿಸಿ ಹಾಕಬೇಕು: ಪರೋಪಕಾರವನ್ನೂ ಹಂಚಿಕೊಳ್ಳುವುದನ್ನೂ ಮರೆಯಬೇಡಿರಿ, ಇಂಥ ಯಜ್ಞಗಳು ದೇವರಿಗೆ ಮೆಚ್ಚಿಕೆ. ರೋಮಿನ ಸೈನ್ಯದ ಶತಾಧಿಪತಿ ಕೊರ್ನೇಲ್ಯನ ಪ್ರಾರ್ಥನೆ ಮತ್ತು ದಾನಧರ್ಮ ಎರಡೂ ಒಟ್ಟಿಗೆ ಮೇಲೇರಿದವು (ಅಪೊಸ್ತಲರ ಕೃತ್ಯಗಳು 10:4). ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಯನ್ನು ಹತ್ತು ಪಟ್ಟು ಬೆಲೆಗೆ ಕೂಗಿದವರು ಅದನ್ನು ಮನೆಗೆ ಒಯ್ಯುವ ಬದಲು ಬಡವರ ಮನೆಗೆ ಕಳಿಸಿದರೆ ಎರಡೂ ವಚನ ಒಂದೇ ಕಾಯಿಯಲ್ಲಿ ನೆರವೇರುತ್ತವೆ.

ಕಡೆಯದಾಗಿ ಹರಕೆ. "ಇದೊಂದು ನಡೆಸಿಕೊಡು, ಇಷ್ಟು ಕೊಡುತ್ತೇನೆ" ಎಂಬುದು ಕ್ರೈಸ್ತರ ಮನೆಗಳಲ್ಲೂ ಸಾಮಾನ್ಯ. ಹರಕೆ ಹೊರದಿದ್ದರೆ ಪಾಪವಿಲ್ಲ ಎಂದು ಧರ್ಮೋಪದೇಶಕಾಂಡ 23:22 ಹೇಳುತ್ತದೆ. ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದಿರುವುದೇ ಲೇಸು ಎಂದು ಪ್ರಸಂಗಿ 5:5. ನನ್ನ ಸಲಹೆ: ಷರತ್ತು ಹಾಕಬೇಡಿ, ಕೊಡುವುದಿದ್ದರೆ ಉತ್ತರ ಬಂದ ಮೇಲೆ ಕೃತಜ್ಞತೆಯಿಂದ ಕೊಡಿ. ಈಗಾಗಲೇ ಹೊತ್ತಿದ್ದರೆ ಮೊತ್ತವನ್ನು ಬರೆದಿಡಿ, ಮನೆಯವರಿಗೆ ಹೇಳಿ, ಮುಂದಿನ ಸಂಬಳದಲ್ಲೇ ಮೊದಲು ತೆಗೆದಿಡಿ. ಅಷ್ಟು ಆಗುವುದಿಲ್ಲ ಎಂದಾದರೆ ಸಭಾಪಾಲಕರ ಹತ್ತಿರ ಕೂತು ನಿಜ ಹೇಳಿ, ಕಂತು ಮಾಡಿಕೊಳ್ಳಿ. ಸಾಲ ಮಾಡಿ ತೀರಿಸಬೇಡಿ. ಹರಕೆಯ ಹಣವನ್ನು ಲಕೋಟೆಯಲ್ಲಿಟ್ಟು ಹೆಸರು ಬರೆಯುವುದೂ ಬಿಡುವುದೂ ನಿಮಗೆ ಬಿಟ್ಟದ್ದು.